ಸ್ಕ್ಯಾನರಿನಲ್ಲಿ ದೊಡ್ಡಮ್ಮನ ಈಳಿಗೆಮಣೆ

ಅಕ್ಕನ ಮನೆಯ ಗೃಹಪ್ರವೇಶಕ್ಕೆ ಮೂರು ದಿನ ಇರುವಾಗ ದೊಡ್ಡಮ್ಮ ಅರಸೀಕೆರೆಯಿಂದ ರೈಲು ಹತ್ತಿ ಬೆಂಗಳೂರಿಗೆ ಬಂದಳು. ಮಗಳ ಹೊಸ ಮನೆಗೆ ತಾಯಿ ಬರಿಗೈಲಿ ಬರುವುದುಂಟೆ? ಗೋಣಿಚೀಲದಲ್ಲಿ ಹನ್ನೆರಡು ತೆಂಗಿನಕಾಯಿ, ರಾಗಿಹಿಟ್ಟು, ಹುರಳಿಕಾಳು, ಒಂದು ಡಬ್ಬಿ ಮಾವಿನಮಿಡಿ ಉಪ್ಪಿನಕಾಯಿ. ಇವುಗಳ ನಡುವೆ ಹಳೇ ಸೀರೆಯಲ್ಲಿ ಸುತ್ತಿ ದಾರ ಬಿಗಿದಿದ್ದ ಒಂದು ಈಳಿಗೆಮಣೆ. ಅದು ಅಂಗಡಿಯಲ್ಲಿ ಕೊಂಡದ್ದಲ್ಲ. ಹಲಸಿನ ಹಲಗೆಯನ್ನು ಊರಿನ ಆಚಾರಿಯಿಂದ ಮಾಡಿಸಿ, ಅಲಗನ್ನು ಕುಲುಮೆಯಲ್ಲಿ ಎದುರಿಗೆ ಕೂತು ಬಡಿಸಿಕೊಂಡು ಬಂದಿದ್ದಳು. ತುದಿಯಲ್ಲಿ ಕಾಯಿ ತುರಿಯುವ ಹಲ್ಲು. ಮಣೆಯ ಮೇಲೆ ಕೂತರೆ ಕಾಲಿಗೆ ಒತ್ತದ ಹಾಗೆ ಅಂಚನ್ನು ಉಜ್ಜಿಸಿದ್ದಳಂತೆ. ಮಗಳಿಗೆ ಮಂಡಿನೋವು ಎಂಬುದು ಗೊತ್ತಿತ್ತು.

ಕರೆದುಕೊಂಡು ಬರಲು ನಾನೇ ಹೋಗಿದ್ದೆ. ರೈಲಿಳಿದು ಸೇತುವೆ ಹತ್ತಿ ಇಳಿದು ಹೊರಗೆ ಬರುವ ತನಕ ಗೋಣಿಚೀಲವನ್ನು ಯಾರೂ ಏನೆಂದು ಕೇಳಲಿಲ್ಲ. ಮೆಟ್ರೋದಲ್ಲಿ ಹೋದರೆ ಅರ್ಧ ಗಂಟೆಯಲ್ಲಿ ಅಕ್ಕನ ಮನೆ, ಬಿಸಿಲೂ ಇಲ್ಲ ಧೂಳೂ ಇಲ್ಲ ಎಂದು ಹುರುಪಿನಿಂದ ಹೇಳಿದವಳು ನಾನೇ. ದೊಡ್ಡಮ್ಮ ಮೆಟ್ರೋ ಹತ್ತಿದ್ದೇ ಇರಲಿಲ್ಲ. "ಸುರಂಗದೊಳಗೆ ಹೋಗತ್ತಂತಲ್ಲ, ಹೌದೇನೇ?" ಎಂದು ದಾರಿಯುದ್ದಕ್ಕೂ ಕೇಳುತ್ತಿದ್ದಳು.

ಚೀಲ ಸ್ಕ್ಯಾನರಿನ ಬೆಲ್ಟಿನ ಮೇಲೆ ಹೋಯಿತು. ರಬ್ಬರ್ ಪರದೆಯ ಪಟ್ಟಿಗಳು ಅದನ್ನು ಒಳಗೆಳೆದುಕೊಂಡವು. ನಾನು ನಿಂತ ಜಾಗದಿಂದ ತೆರೆ ಓರೆಯಾಗಿ ಕಾಣುತ್ತಿತ್ತು. ಆ ಯಂತ್ರದಲ್ಲಿ ಕಾಳು, ಹಿಟ್ಟು, ಬಟ್ಟೆ, ಕಾಗದದಂಥವೆಲ್ಲ ಕಿತ್ತಳೆ ಬಣ್ಣವಾಗಿ, ಲೋಹ ನೀಲಿಯಾಗಿ ಕಾಣುತ್ತವೆ. ದೊಡ್ಡಮ್ಮನ ಹನ್ನೆರಡು ಕಾಯಿಗಳು ಕಿತ್ತಳೆ ಚೆಂಡುಗಳ ಹಾಗೆ ಒಂದಕ್ಕೊಂದು ಅಂಟಿಕೊಂಡು ಬಂದವು. ಅವುಗಳ ನಡುವೆ ಬಾಗಿದ ಅಲಗು, ತದಿಗೆಯ ಚಂದ್ರನ ಹಾಗೆ, ಕಡುನೀಲಿ. ನೋಡಲು ಬಹಳ ಚೆಂದವಿತ್ತು. ಬೆಲ್ಟ್ ನಿಂತಿತು.

ಭದ್ರತೆಯ ಹುಡುಗಿಗೆ ಇಪ್ಪತ್ತೈದರ ಒಳಗಿನ ವಯಸ್ಸು. ಚೀಲ ಬಿಚ್ಚಿಸಿ, ಸೀರೆಯ ಸುತ್ತು ತೆಗೆಸಿ ನೋಡಿದಳು. "ಅಜ್ಜಿ, ಇದನ್ನ ಒಳಗೆ ಬಿಡಕ್ಕಾಗಲ್ಲ. ಹರಿತವಾದ್ದು ಒಯ್ಯಂಗಿಲ್ಲ" ಎಂದಳು.

"ಕಾಯಿ ತುರಿಯೋದು ಕಣವ್ವ. ನಿಮ್ಮನೇಲಿ ಇಲ್ವೇ?"

"ಐತೆ ಅಜ್ಜಿ. ನಮ್ಮಮ್ಮನೂ ಇದ್ರಾಗೇ ಹೆಚ್ಚೋದು. ಆದ್ರೆ ನಾನು ಬಿಟ್ರೆ ನನ್ನನ್ನ ಕೇಳ್ತಾರೆ."

ಆ ಹುಡುಗಿಯ ಮೇಲೆ ನನಗೆ ಆವತ್ತೂ ಸಿಟ್ಟು ಬರಲಿಲ್ಲ, ಇವತ್ತೂ ಇಲ್ಲ. ತುಂಬಿದ ರೈಲಿನಲ್ಲಿ ಒಂದೂವರೆ ಅಡಿಯ ಅಲಗನ್ನು ಬಿಡಬಾರದು ಎನ್ನುವುದು ಸರಿಯಾದ ಮಾತು. ಅವಳು ದನಿ ಏರಿಸಲಿಲ್ಲ, ಅಜ್ಜಿ ಎಂದೇ ಕರೆದಳು, ಸೀರೆಯನ್ನು ಮತ್ತೆ ಸುತ್ತಲು ತಾನೂ ಒಂದು ಕೈ ಹಾಕಿದಳು. ನನಗೆ ಚುಚ್ಚಿದ್ದು ಬೆನ್ನ ಹಿಂದಿನಿಂದ ಬಂದ ಮಾತುಗಳು. ಆಫೀಸಿನ ಹೊತ್ತಾಗಿತ್ತು, ಸಾಲು ಬೆಳೆದಿತ್ತು. "ಇಂಥೋರನ್ನೆಲ್ಲ ಮೆಟ್ರೋಗೆ ಯಾಕೆ ಕರ್ಕೊಂಡ್ ಬರ್ತಾರೋ" ಎಂದು ಒಬ್ಬರು. "ಬಸ್ ಸ್ಟ್ಯಾಂಡ್ ಅನ್ಕೊಂಡಿದಾರೆ" ಎಂದು ಇನ್ನೊಬ್ಬರು. ಮೂರನೆಯವರು ಸಮಾಧಾನದ ದನಿಯಲ್ಲಿ, "ಸೆಕ್ಯುರಿಟಿ ಇಷ್ಟು ಸ್ಟ್ರಿಕ್ಟ್ ಆಗಿರೋದು ನಮಗೇ ಒಳ್ಳೇದು ಬಿಡಿ" ಎಂದರು.

"ಏನಂತಾರೆ ಅವರು?" ಎಂದು ದೊಡ್ಡಮ್ಮ ಕೇಳಿದಳು. ಏನಿಲ್ಲ ಬಾ ಎಂದು ಚೀಲ ಎತ್ತಿಕೊಂಡು ಆಟೋ ಹಿಡಿದೆ.

ಆ ಮೂರನೆಯ ಮಾತು ಒಂದು ವರ್ಷದಿಂದ ನನ್ನ ತಲೆಯಲ್ಲಿ ಕೊರೆಯುತ್ತಿದೆ. ನಮಗೇ ಒಳ್ಳೇದು. ಈ 'ನಾವು' ಯಾರು?

ನಾನು ದಿನವೂ ಮೆಟ್ರೋದಲ್ಲೇ ಕೆಲಸಕ್ಕೆ ಹೋಗುವವಳು. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಬಾಗಿಲಿನಾಕಾರದ ಲೋಹಶೋಧಕದ ಕೆಳಗೆ ಹಾದು, ಪರದೆ ಕಟ್ಟಿದ ಹೆಂಗಸರ ಗೂಡಿನೊಳಗೆ ಎರಡು ಕೈ ಚಾಚಿ ನಿಲ್ಲುತ್ತೇನೆ. ಕೈಯಲ್ಲಿ ಹಿಡಿಯುವ ಆ ಚಪ್ಪಟೆ ಕೋಲು ನನ್ನ ಬಳೆಯ ಹತ್ತಿರ ಬಂದಾಗ ಕೂಗುತ್ತದೆ, ಸೊಂಟದ ಬಳಿ ಕೂಗುತ್ತದೆ, ಬೀಗದ ಕೈಗೊಂಚಲಿಗೆ ಕೂಗುತ್ತದೆ. ಅದು ಯಾಕೆ ಕೂಗಿತೆಂದು ಇಷ್ಟು ವರ್ಷದಲ್ಲಿ ನನ್ನನ್ನು ಯಾರೂ ಕೇಳಿಲ್ಲ. ಕುತ್ತಿಗೆಯಲ್ಲಿ ಕಂಪನಿಯ ಗುರುತಿನ ಚೀಟಿ ಇದೆ, ಹೆಗಲಲ್ಲಿ ಲ್ಯಾಪ್‌ಟಾಪ್ ಚೀಲ ಇದೆ, ಅಲ್ಲಿಗೆ ಕೂಗಿಗೆ ಉತ್ತರ ಸಿಕ್ಕಂತೆ. ತಪಾಸಣೆ ನನಗೆ ಹಿಂಸೆಯಾಗಿ ಕಂಡಿಲ್ಲ ಏಕೆಂದರೆ ಅದು ನನ್ನನ್ನು ನಿಜವಾಗಿ ತಪಾಸಿಸಿಯೇ ಇಲ್ಲ.

ಇದಕ್ಕಿಂತ ಹೇಳಲು ಕಷ್ಟವಾದ ಮಾತು ಇನ್ನೊಂದಿದೆ. ದೊಡ್ಡಮ್ಮ ಬರುವ ಕೆಲವು ತಿಂಗಳ ಹಿಂದೆ ನನ್ನ ಮುಂದೆ ಒಬ್ಬ ಪೇಂಟಿಂಗ್ ಕೆಲಸದವನಿದ್ದ. ಕೈಯಲ್ಲಿ ಬಕೆಟ್ಟು, ಅದರಲ್ಲಿ ಬ್ರಷ್ಷು, ಗೋಡೆ ಕೆರೆಯುವ ತಗಡು, ಮಡಿಸಿದ ಬಟ್ಟೆ. ಅಂಗಿಯ ಮೇಲೆಲ್ಲ ಸುಣ್ಣದ ಚುಕ್ಕಿ. ಅವನನ್ನು ಪಕ್ಕಕ್ಕೆ ನಿಲ್ಲಿಸಿ ಒಂದೊಂದೇ ಸಾಮಾನು ಹೊರಗೆ ಇಡಿಸುತ್ತಿದ್ದರು. ನಾನು ಮೊಬೈಲಿನಲ್ಲಿ ಗಂಟೆ ನೋಡಿದೆ. ಅಷ್ಟೇ. ಬಾಯಿ ಬಿಟ್ಟು ಏನೂ ಅನ್ನಲಿಲ್ಲ, ಆದರೆ ದೊಡ್ಡಮ್ಮನ ಹಿಂದೆ ನಿಂತವರು ಅಂದದ್ದನ್ನೇ ಆವತ್ತು ನಾನು ಮನಸ್ಸಿನಲ್ಲಿ ಅಂದುಕೊಂಡಿದ್ದೆ.

ನಮ್ಮ ಮೆಟ್ರೋ 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಯವರೆಗೆ ಶುರುವಾದಾಗ ಇಡೀ ಊರು ಸಂಭ್ರಮದಿಂದ ನೋಡಲು ಹೋಗಿತ್ತು. ಹೊಳೆಯುವ ನೆಲ, ಚಲಿಸುವ ಮೆಟ್ಟಿಲು, ಚೀಲ ನುಂಗಿ ಉಗುಳುವ ಯಂತ್ರ. ವಿಮಾನ ಹತ್ತದವರಿಗೂ ವಿಮಾನ ನಿಲ್ದಾಣದ ಅನುಭವ ಸಿಕ್ಕಿತು. ನಮ್ಮ ಜನ ಈ ತಪಾಸಣೆಯನ್ನು ಇಷ್ಟು ಸಲೀಸಾಗಿ ಒಪ್ಪಿಕೊಂಡದ್ದರಲ್ಲಿ ಹೆದರಿಕೆಯ ಪಾಲು ಎಷ್ಟಿದೆಯೋ ಮರ್ಯಾದೆಯ ಪಾಲೂ ಅಷ್ಟೇ ಇದೆ ಎಂದು ನನಗನ್ನಿಸುತ್ತದೆ. ಚೀಲ ಪರೀಕ್ಷೆಯಾಗುವ ಜಾಗ ಎಂದರೆ ದೊಡ್ಡ ಜಾಗ. ಬಿಎಂಟಿಸಿ ಬಸ್ಸನ್ನು ದಿನಕ್ಕೆ ಸುಮಾರು 40 ಲಕ್ಷ ಜನ ಹತ್ತಿ ಇಳಿಯುತ್ತಾರೆ, ಅಲ್ಲಿ ಯಾರ ಚೀಲವನ್ನೂ ಯಾರೂ ಮುಟ್ಟುವುದಿಲ್ಲ. ಮೆಜೆಸ್ಟಿಕ್ಕಿನಲ್ಲಿ ಮೆಟ್ರೋ ಮೆಟ್ಟಿಲು ಇಳಿದರೆ ಸ್ಕ್ಯಾನರು, ನಾಲ್ಕು ಹೆಜ್ಜೆ ಆಚೆ ಬಸ್ ನಿಲ್ದಾಣದಲ್ಲಿ ಏನೂ ಇಲ್ಲ. ಅದೇ ಜನ, ಅದೇ ಚೀಲ. ಮುಂಬೈಯಲ್ಲೂ ಹೀಗೇ. ಮೆಟ್ರೋದಲ್ಲಿ ಚೀಲ ತೋರಿಸಬೇಕು, ಲೋಕಲ್ ರೈಲಿಗೆ ನೇರವಾಗಿ ನುಗ್ಗಬಹುದು. 2006ರ ಜುಲೈ 11ರ ಸಂಜೆ ಹನ್ನೊಂದು ನಿಮಿಷದಲ್ಲಿ ಏಳು ಬಾಂಬು ಸಿಡಿದದ್ದು ಆ ಲೋಕಲ್ ರೈಲುಗಳಲ್ಲೇ. ಅಷ್ಟು ಜನರನ್ನು ನಿಲ್ಲಿಸಿ ಪರೀಕ್ಷಿಸಿದರೆ ಮುಂಬೈ ನಿಂತೇಹೋಗುತ್ತದೆ ಎಂದು ಎಲ್ಲರಿಗೂ ಗೊತ್ತು.

ಹೆದರಿಕೆ ಸುಳ್ಳಲ್ಲ. 2008ರ ಜುಲೈ 25ರಂದು ಬೆಂಗಳೂರಿನಲ್ಲಿ ಸರಣಿ ಸ್ಫೋಟವಾದಾಗ ಮಡಿವಾಳದ ಬಸ್ ತಂಗುದಾಣದ ಬಳಿ ಒಬ್ಬ ಹೆಂಗಸು ಸತ್ತರು. ಬಸ್ಸಿಗೆ ಕಾಯುತ್ತ ನಿಂತವರಿಗೆ ಅಂಥ ಸಾವು. 2024ರ ಮಾರ್ಚ್ 1ರಂದು ಬ್ರೂಕ್‌ಫೀಲ್ಡಿನ ಹೋಟೆಲಿನಲ್ಲಿ ಬಾಂಬಿಟ್ಟವನು ಬಂದದ್ದು ಸಿಟಿ ಬಸ್ಸಿನಲ್ಲಿ, ಎಲ್ಲರ ಹಾಗೆ ಟೋಪಿ ಹಾಕಿಕೊಂಡು, ಹೆಗಲಿಗೆ ಚೀಲ ಏರಿಸಿಕೊಂಡು. 2025ರ ನವೆಂಬರ್ 10ರಂದು ದೆಹಲಿಯ ಕೆಂಪುಕೋಟೆ ಮೆಟ್ರೋ ನಿಲ್ದಾಣದ ಬಳಿ ನಡೆದ ಸ್ಫೋಟ ನಿಲ್ದಾಣದ ಒಳಗಲ್ಲ, ಗೇಟಿನ ಆಚೆ ರಸ್ತೆಯಲ್ಲಿ, ಕಾರಿನಲ್ಲಿ. ಇದನ್ನೆಲ್ಲ ಕಂಡವರು ತಪಾಸಣೆಯೇ ಬೇಡ ಎನ್ನಲಾರರು, ನಾನೂ ಅನ್ನುವುದಿಲ್ಲ. ಯಂತ್ರ ಇರಲಿ. ಅದರ ಮುಂದೆ ನಿಲ್ಲುವ ನಮ್ಮ ಕಣ್ಣು ಯಾರ ಮೇಲೆ ಬೀಳುತ್ತದೆ ಎನ್ನುವುದು ನನ್ನ ಚಿಂತೆ.

2024ರ ಫೆಬ್ರವರಿಯಲ್ಲಿ ರಾಜಾಜಿನಗರ ನಿಲ್ದಾಣದಲ್ಲಿ ನಡೆದದ್ದು ಎಲ್ಲರಿಗೂ ನೆನಪಿರಬೇಕು. ತಲೆಯ ಮೇಲೆ ಗಂಟು ಹೊತ್ತು ಬಂದ ರೈತರೊಬ್ಬರು ಟಿಕೆಟ್ ಕೊಂಡಿದ್ದರೂ ಅವರನ್ನು ತಪಾಸಣೆಯ ಬಳಿಯೇ ತಡೆದರು. ಗಂಟಿನಲ್ಲಿದ್ದದ್ದು ಬಟ್ಟೆ. ಅವರನ್ನು ತಡೆದದ್ದು ಅವರು ಉಟ್ಟ ಬಟ್ಟೆಗೆ ಎಂದು ಜನ ರೊಚ್ಚಿಗೆದ್ದರು. ವಿಡಿಯೋ ಹರಿದಾಡಿತು, ಮೆಟ್ರೋ ನಿಗಮ ಭದ್ರತಾ ಮೇಲ್ವಿಚಾರಕನನ್ನು ಕೆಲಸದಿಂದ ತೆಗೆಯಿತು. ಒಂದೂವರೆ ತಿಂಗಳಲ್ಲಿ ದೊಡ್ಡಕಲ್ಲಸಂದ್ರದಲ್ಲಿ ಕೂಲಿಯವರೊಬ್ಬರನ್ನು ಅಂಗಿಯ ಗುಂಡಿ ಹಾಕಿಲ್ಲವೆಂದು ನಿಲ್ಲಿಸಿದ ಸುದ್ದಿಯೂ ಬಂತು.

ಆ ಮೇಲ್ವಿಚಾರಕ ಮಾಡಿದ್ದು ತಪ್ಪು, ಶಿಕ್ಷೆಯಾದದ್ದು ಸರಿ. ಆದರೆ ಅಲ್ಲಿಗೆ ಲೆಕ್ಕ ಚುಕ್ತಾ ಆಯಿತೆಂದು ನಾವೆಲ್ಲ ಕೈ ತೊಳೆದುಕೊಂಡದ್ದು ನನಗೆ ಸರಿ ಕಾಣಲಿಲ್ಲ. ಕೊಳೆಯಾದ ಅಂಗಿ ಪಕ್ಕದ ಸೀಟಿಗೆ ಬಂದರೆ ಮೂಗು ಮುರಿಯುವವರು ಯಾರು? ಬಾಗಿಲಿನಲ್ಲಿ ನಿಂತವನು ದಿನಕ್ಕೆ ಸಾವಿರಾರು ಮುಖ ನೋಡುತ್ತಾನೆ. ಯಾರನ್ನು ಬಿಟ್ಟರೆ ಜನ ಗೊಣಗುತ್ತಾರೆ, ಯಾರನ್ನು ತಡೆದರೆ ಒಬ್ಬರೂ ಕೇಳುವುದಿಲ್ಲ ಎಂಬುದನ್ನು ಅವನು ಆ ಮುಖಗಳಿಂದಲೇ ಕಲಿಯುತ್ತಾನೆ.

ರಾಜಾಜಿನಗರದ ವಿಡಿಯೋವನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅದರಲ್ಲಿ ನನಗೆ ಹಿಡಿಸಿದ್ದು ಸಾಲಿನಲ್ಲಿದ್ದ ಪ್ರಯಾಣಿಕರು. ಅವರಿಗೂ ಆಫೀಸಿತ್ತು, ಅವರ ರೈಲೂ ಹೋಗುತ್ತಿತ್ತು. ಆದರೂ ನಿಂತರು, ನಿಯಮ ಎಲ್ಲಿ ಬರೆದಿದೆ ತೋರಿಸಿ ಎಂದು ಪಟ್ಟು ಹಿಡಿದರು, ಆ ಹಿರಿಯರನ್ನು ಒಳಗೆ ಕರೆದುಕೊಂಡೇ ಹೋದರು. ದೊಡ್ಡಮ್ಮ ಬಂದಿಳಿದ ಆ ದಿನ ನಮ್ಮ ಸಾಲಿನಲ್ಲಿ ಅಂಥವರು ಒಬ್ಬರಿದ್ದಿದ್ದರೂ ನಿಯಮವೇನೂ ಬದಲಾಗುತ್ತಿರಲಿಲ್ಲ, ಈಳಿಗೆ ಒಳಗೆ ಹೋಗುತ್ತಿರಲಿಲ್ಲ. ಆದರೆ ದೊಡ್ಡಮ್ಮನ ಕಿವಿಗೆ ಬೇರೆ ಮಾತು ಬೀಳುತ್ತಿತ್ತು.

ಬಟ್ಟೆ ನೋಡಿ ತಡೆಯುವುದು ಒಂದು ಬಗೆ. ಬಟ್ಟೆ ನೋಡಿ ಬೆಚ್ಚುವುದು ಇನ್ನೊಂದು, ಅದು ಇನ್ನೂ ಕೆಟ್ಟದ್ದು. ಶ್ರೀಲಂಕಾದ ಈಸ್ಟರ್ ಸ್ಫೋಟಗಳಾಗಿ ಹದಿನೈದು ದಿನ ಕಳೆದಿತ್ತು, 2019ರ ಮೇ ತಿಂಗಳು. ಮೆಜೆಸ್ಟಿಕ್ ಮೆಟ್ರೋ ನಿಲ್ದಾಣದಲ್ಲಿ ಜುಬ್ಬಾ ತೊಟ್ಟ ಒಬ್ಬ ವ್ಯಕ್ತಿ ಲೋಹಶೋಧಕದ ಬಳಿ ಬಂದಾಗ ಯಂತ್ರ ಕೂಗಿತು. ಆತ ತಪಾಸಣೆಗೆ ನಿಲ್ಲದೆ ಹೊರಟುಹೋದ. ಕ್ಯಾಮೆರಾದ ದೃಶ್ಯ ಟಿವಿಗೆ ಬಂತು. ಶಂಕಿತ ಉಗ್ರ, ಶಂಕಿತ ಉಗ್ರ ಎಂದು ಕೆಂಪು ವೃತ್ತ ಹಾಕಿ ಅದನ್ನೇ ಮತ್ತೆ ಮತ್ತೆ ತೋರಿಸಿದರು. ನಮ್ಮ ಅಪಾರ್ಟ್‌ಮೆಂಟಿನ ವಾಟ್ಸ್ಯಾಪ್ ಗುಂಪಿನಲ್ಲೂ ಆ ಫೋಟೋ ಬಂದಿತ್ತು, ಮಕ್ಕಳನ್ನು ಹೊರಗೆ ಕಳಿಸಬೇಡಿ ಎಂಬ ಎಚ್ಚರಿಕೆಯ ಜೊತೆ. ಕೊನೆಗೆ ಪೊಲೀಸರು ಆತನನ್ನು ಹುಡುಕಿದರು. ರಂಜಾನ್ ತಿಂಗಳೆಂದು ದಾನ ಬೇಡಲು ರಾಜಸ್ಥಾನದಿಂದ ಬಂದವನು. ಯಂತ್ರ ಕೂಗಿದ್ದು ಜೇಬಿನ ಚಿಲ್ಲರೆ ನಾಣ್ಯಗಳಿಗೆ. ನನ್ನ ಬೀಗದ ಕೈಗೊಂಚಲಿಗೆ ಅದು ದಿನಾ ಕೂಗುವ ಹಾಗೆಯೇ. ಗುಂಪಿನಲ್ಲಿ ಫೋಟೋ ಹಾಕಿದ್ದವರು ಆಮೇಲೆ ಅದರ ಬಗ್ಗೆ ಒಂದು ಸಾಲೂ ಬರೆಯಲಿಲ್ಲ.

ಈ ಬೆಚ್ಚುವಿಕೆ ಎಲ್ಲಿಯವರೆಗೆ ಹೋಗಬಲ್ಲದು ಎಂಬುದಕ್ಕೆ ಲಂಡನ್ನಿನ ಸ್ಟಾಕ್‌ವೆಲ್ ನಿಲ್ದಾಣ ಸಾಕ್ಷಿ. 2005ರ ಜುಲೈ 7ರಂದು ಆ ಊರಿನ ಸುರಂಗ ರೈಲು ಮತ್ತು ಬಸ್ಸಿನಲ್ಲಿ ಬಾಂಬು ಸಿಡಿದು 52 ಜನ ಸತ್ತರು. ಜುಲೈ 21ರಂದು ಮತ್ತೆ ಪ್ರಯತ್ನ ನಡೆದು ವಿಫಲವಾಯಿತು. ಮರುದಿನ ಬೆಳಗ್ಗೆ ಬ್ರೆಜಿಲ್ಲಿನ ಎಲೆಕ್ಟ್ರಿಷಿಯನ್ ಝಾಂ ಶಾರ್ಲ್ಸ್ ಡಿ ಮೆನೆಜೆಸ್ ಕೆಲಸಕ್ಕೆ ಹೊರಟ. ವಯಸ್ಸು 27. ಅವನಿದ್ದ ಕಟ್ಟಡದ ಮೇಲೆ ಪೊಲೀಸರ ಕಣ್ಣಿತ್ತು, ಶಂಕಿತ ಇವನೇ ಎಂದುಕೊಂಡು ಹಿಂಬಾಲಿಸಿ ರೈಲಿನ ಡಬ್ಬಿಯೊಳಗೆ ತಲೆಗೆ ಗುಂಡಿಟ್ಟರು. ಆಮೇಲೆ ಸುದ್ದಿ ಹಬ್ಬಿತು: ಸೆಖೆಗಾಲದಲ್ಲಿ ದಪ್ಪ ಕೋಟು ಹಾಕಿದ್ದ, ಟಿಕೆಟ್ ಗೇಟು ಹಾರಿ ಓಡಿದ. ಎರಡೂ ಸುಳ್ಳು. ತೊಟ್ಟದ್ದು ತೆಳ್ಳನೆಯ ಡೆನಿಮ್ ಜಾಕೆಟ್ಟು. ಗೇಟಿನಲ್ಲಿ ಕಾರ್ಡು ತೋರಿಸಿ, ಅಲ್ಲೇ ಇಟ್ಟಿದ್ದ ಉಚಿತ ಪತ್ರಿಕೆ ಎತ್ತಿಕೊಂಡು ಒಳಗೆ ಹೋಗಿದ್ದ. ಒಬ್ಬನನ್ನು ಹೀಗೆಂದು ಮನಸ್ಸು ತೀರ್ಮಾನಿಸಿದ ಮೇಲೆ ಕಣ್ಣು ಅದಕ್ಕೆ ತಕ್ಕ ಕೋಟನ್ನು ತಾನೇ ಹೊಲಿದು ತೊಡಿಸುತ್ತದೆ.

ಅಷ್ಟಾದರೂ ಲಂಡನ್ನಿನ ಸುರಂಗ ರೈಲಿಗೆ ಹತ್ತುವವರ ಚೀಲ ಪರೀಕ್ಷೆ ಇವತ್ತಿಗೂ ದಿನನಿತ್ಯದ ನಿಯಮವಾಗಿಲ್ಲ. ಅಲ್ಲಿರುವ ನನ್ನ ಚಿಕ್ಕಪ್ಪನ ಮಗ ಊರಿಗೆ ಬಂದಾಗ ನಮ್ಮ ಸಾಲಿನಲ್ಲಿ ನಿಂತು, "ನೀವು ದಿನಾ ಇಷ್ಟು ತಾಳ್ಮೆಯಿಂದ ನಿಲ್ತೀರಲ್ಲ ಅಕ್ಕ, ಅಲ್ಲಿ ಜನ ದಂಗೆ ಏಳ್ತಾರೆ" ಎಂದಿದ್ದ. ಬೀಜಿಂಗಿನಲ್ಲಿ 2008ರ ಒಲಿಂಪಿಕ್ಸ್‌ಗೆಂದು ಶುರುವಾದ ಚೀಲ ತಪಾಸಣೆ ಕ್ರೀಡೆ ಮುಗಿದ ಮೇಲೂ ಉಳಿದುಕೊಂಡಿತು. ಒಂದೊಂದು ಊರಿನ ಜನ ಒಂದೊಂದನ್ನು ಸಹಿಸುತ್ತಾರೆ. ನಮ್ಮ ತಾಳ್ಮೆ ದೊಡ್ಡದೇ. ಅದು ನಮ್ಮ ಮೇಲಾಗುವ ತಪಾಸಣೆಯ ಬಗ್ಗೆ ಮಾತ್ರ ಇದ್ದಿದ್ದರೆ ಹೆಮ್ಮೆಪಡಬಹುದಿತ್ತು. ಪಕ್ಕದವನಿಗೆ ಆಗುವ ಅವಮಾನವನ್ನೂ ನಾವು ಅಷ್ಟೇ ತಾಳ್ಮೆಯಿಂದ ಸಹಿಸುತ್ತೇವೆ.

ಹಾಗಾದರೆ ಆಪತ್ತಿನಲ್ಲಿ ಜನರನ್ನು ಉಳಿಸುವುದು ಯಾವುದು ಎಂದು ಯೋಚಿಸಿದಾಗ ನನಗೆ ಮೊದಲು ನೆನಪಾಗುವುದು ವಿಷ್ಣು ಝೆಂಡೆ. 2008ರ ನವೆಂಬರ್ 26ರ ರಾತ್ರಿ ಮುಂಬೈಯ ಛತ್ರಪತಿ ಶಿವಾಜಿ ಟರ್ಮಿನಸ್‌ನಲ್ಲಿ ಇಬ್ಬರು ಬಂದೂಕುಧಾರಿಗಳು 58 ಜನರನ್ನು ಕೊಂದರು. ಝೆಂಡೆ ಅಲ್ಲಿ ರೈಲುಗಳ ಪ್ರಕಟಣೆ ಮಾಡುವವರು. ಎತ್ತರದ ತಮ್ಮ ಕೋಣೆಯ ಗಾಜಿನಿಂದ ನೋಡಿ, ಏನೋ ಅನಾಹುತವಾಗುತ್ತಿದೆ ಎಂದರಿತು, ಮೈಕಿನ ಮುಂದಿನಿಂದ ಏಳಲಿಲ್ಲ. ಪ್ರಯಾಣಿಕರೆಲ್ಲ ಹಿಂಬದಿಯ ಗೇಟಿನಿಂದ ಹೊರಗೆ ಹೋಗಿ ಎಂದು ಹಿಂದಿಯಲ್ಲೂ ಮರಾಠಿಯಲ್ಲೂ ಹೇಳುತ್ತಲೇ ಇದ್ದರು. ಅವರ ಕೋಣೆಯತ್ತಲೂ ಗುಂಡು ಬಂತು. ಆ ದನಿ ಕೇಳಿ ಪಾರಾದವರು ಬಹಳ ಜನ. ಝೆಂಡೆ ಕೆಳಗಿದ್ದವರಲ್ಲಿ ಯಾರ ಬಟ್ಟೆ ಹೇಗಿದೆ ಎಂದು ನೋಡಲಿಲ್ಲ. ನೆಲದ ಮೇಲೆ ಟವೆಲ್ ಹಾಸಿ ಮಲಗಿದ್ದ ಬಿಹಾರದ ಕೂಲಿಯವನೂ, ಸೂಟ್‌ಕೇಸಿನ ಮೇಲೆ ಕೂತಿದ್ದ ವ್ಯಾಪಾರಿಯೂ ಅವರಿಗೆ ಒಂದೇ, ಕಾಪಾಡಬೇಕಾದ ಪ್ರಯಾಣಿಕರು. ಭದ್ರತೆ ಎಂದರೆ ನನಗೆ ಆ ದನಿ.

ನಮ್ಮ ನಿಲ್ದಾಣಗಳ ಬಾಗಿಲಲ್ಲಿ ನಿಲ್ಲುವವರು ಗೃಹರಕ್ಷಕ ದಳದವರು, ಖಾಸಗಿ ಏಜೆನ್ಸಿಯವರು. ಪರದೆಯ ಗೂಡಿನೊಳಗಿನ ಹೆಂಗಸರನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಒಬ್ಬರ ಹಿಂದೆ ಒಬ್ಬರಂತೆ ಬರುವ ಮೈಗಳ ಮೇಲೆ ಕೋಲು ಆಡಿಸುತ್ತ ಅವರ ತೋಳು ಸೋತಿರುತ್ತದೆ. ಒಬ್ಬರಿಗೆ ನಾನು ದಿನವೂ "ಊಟ ಆಯ್ತಾ" ಎಂದು ಕೇಳಲು ಶುರುಮಾಡಿದೆ. ಮೊದಲ ವಾರ ಅನುಮಾನದಿಂದಲೇ ನೋಡಿದರು. ಆಮೇಲೊಂದು ದಿನ, "ಮೇಡಂ, ಇಲ್ಲಿ ಯಾರೂ ನಮ್ಮ ಮುಖ ನೋಡಲ್ಲ, ಕಿವಿಗೆ ವೈರ್ ಹಾಕ್ಕೊಂಡು ಕೈ ಎತ್ತಿ ಹೋಗ್ತಾರೆ" ಎಂದರು. ಮುಖ ನೋಡದೆ ಹೋಗುವ ನಾವು, ಮುಖ ನೋಡದೆ ಪರೀಕ್ಷಿಸುವ ಅವರು. ಅನಾಹುತವಾದಾಗ ನಮ್ಮನ್ನು ಹೊರಗೆ ಕರೆದೊಯ್ಯಬೇಕಾದವರು ಅವರೇ. ಆ ಹೊತ್ತಿಗೆ ಯಾವ ಗೇಟು, ಯಾವ ಮೆಟ್ಟಿಲು ಎಂದು ಅವರಿಗೆ ಕಲಿಸಿರಬೇಕು, ಅವರ ಮಾತು ಕೇಳುವ ಅಭ್ಯಾಸ ನಮಗೂ ಇರಬೇಕು.

ಇನ್ನೊಂದು ಮಾತು. ಈ ಊರಿನ ಮನೆಗಳನ್ನು ಕಟ್ಟುವವರ ಕೈಯಲ್ಲಿ ಕಬ್ಬಿಣ ಇದ್ದೇ ಇರುತ್ತದೆ. ಉಳಿ, ಗರಗಸ, ಕರಣೆ, ಸ್ಪ್ಯಾನರು. ಅವೆಲ್ಲ ತೆರೆಯ ಮೇಲೆ ನೀಲಿಯಾಗಿಯೇ ಕಾಣುತ್ತವೆ. ಮರಗೆಲಸದವನೊಬ್ಬ ತನ್ನ ಉಳಿಗಳ ಚೀಲದೊಂದಿಗೆ ದಿನವೂ ಮೆಟ್ರೋದಲ್ಲಿ ಹೋಗುವುದು ಹೇಗೆ? ಏನು ಒಯ್ಯಬಹುದು, ಏನು ಒಯ್ಯಬಾರದು, ಒಯ್ಯಬಾರದ್ದನ್ನು ಎಲ್ಲಿಟ್ಟು ಹೋಗಬಹುದು ಎಂದು ಬಾಗಿಲಿಗೆ ಬರುವ ಮುಂಚೆಯೇ ಕನ್ನಡದ ದಪ್ಪಕ್ಷರದಲ್ಲಿ, ಓದು ಬಾರದವರಿಗೆ ಚಿತ್ರದಲ್ಲಿ ಕಾಣುವಂತಿದ್ದರೆ ಎಷ್ಟೋ ಜನ ಸಾಲಿನ ಮುಂದೆ ಗಂಟು ಬಿಚ್ಚಿ ನಾಚಿ ನಿಲ್ಲುವುದು ತಪ್ಪುತ್ತದೆ. ಪ್ರತಿ ನಿಲ್ದಾಣದಲ್ಲೂ ಕೀ ಕೊಟ್ಟು ಸಾಮಾನಿಡುವ ಒಂದು ಸಣ್ಣ ಕಪಾಟಿದ್ದರಂತೂ ಇನ್ನೂ ಒಳ್ಳೆಯದು. ಟಿಕೆಟ್ ಕೊಂಡ ಮೇಲೆ ಅವರೂ ಪ್ರಯಾಣಿಕರೇ ತಾನೆ.

ಗೃಹಪ್ರವೇಶ ಚೆನ್ನಾಗಿ ಆಯಿತು. ಈಳಿಗೆಮಣೆ ಈಗ ಅಕ್ಕನ ಅಡುಗೆಮನೆಯ ಮೂಲೆಯಲ್ಲಿದೆ. ಅಕ್ಕ ಅದರ ಮೇಲೆ ಕೂತು ಕಾಯಿ ತುರಿಯುವಾಗ ಅಂಚು ಕಾಲಿಗೆ ಒತ್ತುವುದಿಲ್ಲವಂತೆ.

ಒಂದು ವಾರದ ಮೇಲೆ ದೊಡ್ಡಮ್ಮ ಊರಿಗೆ ಹೊರಟಳು. ಈ ಸಲ ಮೆಟ್ರೋದಲ್ಲೇ ಹೋಗೋಣ, ಕೈಯಲ್ಲಿ ಸಾಮಾನೇನೂ ಇಲ್ಲವಲ್ಲ ಎಂದು ಒತ್ತಾಯ ಮಾಡಿ ಕರೆದುಕೊಂಡು ಹೋದೆ. ಸಾಲಿನಲ್ಲಿ ನಮ್ಮ ಮುಂದೆ ಇನ್ನೂ ಆರೇಳು ಜನರಿದ್ದರು. ತಿರುಗಿ ನೋಡಿದರೆ ದೊಡ್ಡಮ್ಮ ಆಗಲೇ ಬಟ್ಟೆಚೀಲದ ಬಾಯಿ ಬಿಚ್ಚಿ ಎರಡು ಕೈಯಲ್ಲಿ ಅಗಲಿಸಿ ಹಿಡಿದಿದ್ದಳು. ಎಲೆಅಡಿಕೆಯ ಸಂಚಿಯ ದಾರವನ್ನೂ ಸಡಿಲಿಸಿ, ಒಳಗಿನ ಸುಣ್ಣದ ಡಬ್ಬಿಯ ಮುಚ್ಚಳ ತೆಗೆದು ಅಂಗೈಯಲ್ಲಿ ಇಟ್ಟುಕೊಂಡಿದ್ದಳು. ಗೂಡಿನ ಹೆಂಗಸು, "ಬೇಡ ಅಜ್ಜಿ, ಮುಚ್ಕೊಳಿ, ಸುಣ್ಣ ಚೆಲ್ಲತ್ತೆ" ಎಂದಳು. ದೊಡ್ಡಮ್ಮ ತಲೆಯಾಡಿಸಿದಳು. ಆದರೆ ಮುಚ್ಚಲಿಲ್ಲ. ಚಲಿಸುವ ಮೆಟ್ಟಿಲಿನ ಮೇಲೂ ಹಾಗೇ ಹಿಡಿದುಕೊಂಡು ನಿಂತಿದ್ದಳು. ಪ್ಲಾಟ್‌ಫಾರ್ಮಿಗೆ ಇಳಿದು, ಅಕ್ಕಪಕ್ಕ ನೋಡಿ, "ಇನ್ನು ಯಾರೂ ನೋಡಲ್ವಾ?" ಎಂದು ನನ್ನನ್ನು ಕೇಳಿದ ಮೇಲೆ ಡಬ್ಬಿಯ ಮುಚ್ಚಳ ಹಾಕಿದಳು.